ಮನೆ ಕಟ್ಟಗೊಡದ ಯಂತ್ರ: ಬಳಕೆದಾರರ ಕೈಪಿಡಿ

ಕ್ಯಾಲಿಫೋರ್ನಿಯಾ ಮಾದರಿ. ಬಳಸುವ ಮುನ್ನ ಪೂರ್ತಿ ಓದಿ. ಬಾಡಿಗೆದಾರರ ಕೈಗೆ ಸಿಗದಂತೆ ಇಡಿ.

ಅಭಿನಂದನೆಗಳು! ಹಾಸನದಿಂದಲೋ ಹುಬ್ಬಳ್ಳಿಯಿಂದಲೋ ಹೊರಟ ನೀವು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತ ಹಲವು ಬಾಡಿಗೆ ಮನೆ ಬದಲಾಯಿಸಿ, ಕಡೆಗೂ ಕ್ಯುಪರ್ಟಿನೊದಂಥ ಒಳ್ಳೆಯ ಊರಿನಲ್ಲಿ, ಒಳ್ಳೆಯ ಶಾಲೆಯ ಪಕ್ಕದಲ್ಲಿ, ಸ್ವಂತ ಒಂಟಿಮನೆ ಕೊಂಡು ಹಾಲುಕ್ಕಿಸಿದ್ದೀರಿ. ಬೀಗದ ಕೈ ಕೊಡುವಾಗ ಏಜೆಂಟರು ಹೇಳಲು ಮರೆತದ್ದೊಂದಿದೆ. ಮನೆಯ ಜೊತೆಗೆ ನಿಮಗೊಂದು ಯಂತ್ರವೂ ಉಚಿತವಾಗಿ ಬಂದಿದೆ. ನಿಮ್ಮ ಬೀದಿಯ ಕೊನೆಯಲ್ಲಿ ಕಡಿಮೆ ವರಮಾನದವರಿಗೆಂದು ನಾಲ್ಕಂತಸ್ತಿನ ಕಟ್ಟಡ ಏಳದಂತೆ ನೋಡಿಕೊಳ್ಳುವುದು ಅದರ ಕೆಲಸ. ನೂರು ವರ್ಷದಿಂದ ಓಡುತ್ತಿದೆ, ಹೊಗೆ ಉಗುಳುವುದಿಲ್ಲ. ಒಮ್ಮೆ ಚಾಲೂ ಮಾಡಿದರೆ ನೀವು ಮಲಗಿದ್ದಾಗಲೂ ನಡೆಯುತ್ತಿರುತ್ತದೆ.

1. ಪೆಟ್ಟಿಗೆಯಲ್ಲಿ ಏನೇನಿದೆ

ಬಿಡಿಭಾಗಗಳು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಉದ್ದೇಶಕ್ಕೆ ತಯಾರಾದವು. ಎಲ್ಲವೂ ಇವೆಯೇ ಎಂದು ಎಣಿಸಿಕೊಳ್ಳಿ.

ಝೋನಿಂಗ್ ನಕ್ಷೆ, ಒಂದು. ಬಹುಪಾಲು ಹಳದಿ. ಹಳದಿ ಬಳಿದ ಕಡೆ ಒಂದು ಸೈಟಿಗೆ ಒಂದೇ ಮನೆ, ಒಂದೇ ಸಂಸಾರ. ಒಂಟಿಮನೆಗೆ ಮಾತ್ರ ಮೀಸಲಾದ ವಲಯ 1916ರಲ್ಲಿ ಇದೇ ಕೊಲ್ಲಿಯ ದಡದ ಬರ್ಕ್ಲಿಯಲ್ಲಿ ಹುಟ್ಟಿತು. ಮರುವರ್ಷ ಅಮೆರಿಕದ ಸುಪ್ರೀಂ ಕೋರ್ಟು, ಜನರ ಬಣ್ಣ ನೋಡಿ ಬೀದಿ ಹಂಚುವ ಕಾನೂನು ಸಲ್ಲದು ಎಂದುಬಿಟ್ಟಿತು. ಬಣ್ಣ ಎಂದು ಬಾಯಿಬಿಟ್ಟು ಹೇಳುವಂತಿಲ್ಲದ ಮೇಲೆ ಸೈಟಿನ ಅಳತೆ ಆ ಕೆಲಸ ವಹಿಸಿಕೊಂಡಿತು. 1926ರಲ್ಲಿ ಒಹಾಯೊದ ಯೂಕ್ಲಿಡ್ ಎಂಬ ಪುಟ್ಟ ಊರಿನ ಮೊಕದ್ದಮೆಯಲ್ಲಿ ಅದೇ ಕೋರ್ಟು ವಲಯ ನಿಯಮಗಳಿಗೆ ಮುದ್ರೆ ಒತ್ತಿತು. ಒಂಟಿಮನೆಗಳ ನಡುವೆ ಏಳುವ ಅಪಾರ್ಟ್‌ಮೆಂಟನ್ನು ಆ ತೀರ್ಪು ಬದನಿಕೆ ಗಿಡದ ಸಾಲಿಗೆ ಸೇರಿಸಿತು.

ಪರಿಸರ ಕಾಯಿದೆ, ಒಂದು. 1970ರಲ್ಲಿ ಗವರ್ನರ್ ರೊನಾಲ್ಡ್ ರೇಗನ್ ಸಹಿ ಹಾಕಿದ್ದು. ಸಂಕ್ಷಿಪ್ತವಾಗಿ ಸೀಕ್ವಾ ಎನ್ನುತ್ತಾರೆ. ನದಿ, ಕಾಡು, ಗಾಳಿ ಉಳಿಯಲಿ ಎಂದು ಮಾಡಿದ್ದು. ಕಟ್ಟುವ ಮುನ್ನ ಅದು ಕೇಳುವ ಪರಿಸರ ವರದಿಯಲ್ಲಿ ಕೊರತೆ ಇದೆ ಎಂದು ಯಾರು ಬೇಕಾದರೂ ಕೋರ್ಟಿಗೆ ಹೋಗಬಹುದು. ಕೊರತೆ ಇಲ್ಲದ ವರದಿಯನ್ನು ಮನುಷ್ಯರು ಬರೆದ ಉದಾಹರಣೆ ಇಲ್ಲ.

ಕ್ಯಾಲಿಫೋರ್ನಿಯಾ ಸಂವಿಧಾನದ 34ನೇ ವಿಧಿ, ಒಂದು. 1950ರದು. ಸರ್ಕಾರದ ದುಡ್ಡಿನಲ್ಲಿ ಬಡವರಿಗೆ ಬಾಡಿಗೆ ಮನೆ ಕಟ್ಟುವುದಾದರೆ ಊರವರ ಮತ ಕೇಳಬೇಕು. ಈಜುಕೊಳವಿರುವ ಬಂಗಲೆ ಕಟ್ಟುವುದಾದರೆ ಬೇಡ.

ಪ್ರಪೋಸಿಷನ್ 13, ಒಂದು. 1978ರ ಜನಮತದಲ್ಲಿ ಬಂದದ್ದು. ಕಂದಾಯಕ್ಕೆ ಲೆಕ್ಕ ಹಿಡಿಯುವ ಬೆಲೆ ವರ್ಷಕ್ಕೆ ಶೇಕಡ 2ಕ್ಕಿಂತ ಹೆಚ್ಚು ಏರುವಂತಿಲ್ಲ. ಊರಿನಲ್ಲಿ ಮನೆಗಳ ಬರ ಬಿದ್ದು ನಿಮ್ಮ ಮನೆಯ ಬೆಲೆ ದುಪ್ಪಟ್ಟಾದರೂ ಕಂದಾಯ ನಿಮ್ಮನ್ನು ಕಾಡುವುದಿಲ್ಲ. ಯಂತ್ರ ಬಿಸಿಯಾಗದಂತೆ ತಡೆಯುವುದು ಈ ಭಾಗವೇ.

ಸಭೆಯಲ್ಲಿ ಮಾತಾಡಲು ಹೆಸರು ಬರೆದುಕೊಡುವ ಚೀಟಿ, ಬೇಕಾದಷ್ಟು. ನಗರಸಭೆಯ ಬಾಗಿಲಲ್ಲೇ ಇಟ್ಟಿರುತ್ತಾರೆ.

ಸೂಚನೆ: ಈ ಭಾಗಗಳನ್ನು ಕೆಟ್ಟವರು ತಯಾರಿಸಿದರೆಂದು ತಿಳಿಯಬೇಡಿ. ನಗರ ನವೀಕರಣದ ಹೆಸರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಫಿಲ್‌ಮೋರ್ ಎಂಬ ಕಪ್ಪುಜನರ ಕೇರಿಯನ್ನು ಬುಲ್ಡೋಜರ್ ನುಗ್ಗಿಸಿ ಕೆಡವಿದ್ದನ್ನು ಕಂಡವರು, ಇನ್ನು ಮುಂದೆ ಊರವರನ್ನು ಕೇಳದೆ ಏನನ್ನೂ ಮಾಡಬಾರದು ಎಂದು ಹೋರಾಡಿ ಪಡೆದ ಹಕ್ಕುಗಳೂ ಇದರಲ್ಲಿವೆ. ಬಡವರ ಮನೆ ಉರುಳದಿರಲಿ ಎಂದು ಬಂದ ಹಕ್ಕು ಬಡವರ ಮನೆ ಏಳದಿರಲು ಬಳಕೆಯಾಗುವುದು ಯಂತ್ರದ ದೋಷವೆಂದು ಕಂಪನಿ ಭಾವಿಸುವುದಿಲ್ಲ.

2. ಚಾಲೂ ಮಾಡುವುದು

ಯಂತ್ರಕ್ಕೆ ಗುಂಡಿ ಇಲ್ಲ, ಧ್ವನಿಯಿಂದ ಚಾಲೂ ಆಗುತ್ತದೆ. ಹೇಳಬೇಕಾದ್ದು ಇಷ್ಟೆ: “ಕೈಗೆಟಕುವ ಮನೆಗಳು ಬೇಕು ಎನ್ನುವುದರಲ್ಲಿ ಎರಡು ಮಾತಿಲ್ಲ.” ಒಂದು ಉಸಿರಿನಷ್ಟು ಬಿಡುವು. ಆಮೇಲೆ “ಆದರೆ”.

ಮೊದಲ ವಾಕ್ಯವನ್ನು ಎಂದೂ ಬಿಡಬೇಡಿ. ಬಡವರು ಬೇಡ ಎಂದು ನೇರ ಹೇಳಿದ ನಗರಸಭಾ ಸದಸ್ಯ ಮುಂದಿನ ಚುನಾವಣೆಯಲ್ಲಿ ಮನೆಗೆ ಹೋಗುತ್ತಾನೆ. “ಆದರೆ” ಎಂದವನು ಮೇಯರ್ ಆಗುತ್ತಾನೆ.

ಎಚ್ಚರಿಕೆ: ಕಡಿಮೆ ವರಮಾನದವರು ಎಂದರೆ ಯಾರು ಎಂಬ ಪಟ್ಟಿಯನ್ನು ಓದಲು ಹೋಗಬೇಡಿ. 2018ರಲ್ಲಿ ಕೇಂದ್ರ ವಸತಿ ಇಲಾಖೆ ಹಾಕಿದ ಲೆಕ್ಕದಂತೆ ಸ್ಯಾನ್ ಫ್ರಾನ್ಸಿಸ್ಕೊ ಸುತ್ತ ವರ್ಷಕ್ಕೆ 1,17,400 ಡಾಲರ್ ದುಡಿಯುವ ನಾಲ್ವರ ಕುಟುಂಬವೂ ಕಡಿಮೆ ವರಮಾನದ್ದೇ. ಪಟ್ಟಿ ಹಿಡಿದು ಕೂತರೆ ನಿಮ್ಮ ಮಗಳ ಟೀಚರ್, ಅಮ್ಮನಿಗೆ ಬಿಪಿ ನೋಡಿದ ನರ್ಸ್, ಕೆಲಸಕ್ಕೆ ಸೇರಿದ ಹೊಸದರಲ್ಲಿ ನೀವೇ, ಒಬ್ಬೊಬ್ಬರಾಗಿ ಕಣ್ಣಿಗೆ ಬೀಳುತ್ತೀರಿ. ಯಂತ್ರಕ್ಕೆ ಮುಖಗಳು ಆಗಿಬರುವುದಿಲ್ಲ. “ಯೋಜನೆ”, “ಸಾಂದ್ರತೆ”, “ಯೂನಿಟ್” ಎಂಬ ಪದಗಳನ್ನೇ ಬಳಸಿ.

3. ಮೂರು ನಿಮಿಷದ ಬಳಕೆ

ಸಭೆಗಳು ಬಹಿರಂಗವಾಗಿ ನಡೆಯಬೇಕೆನ್ನುವ ಬ್ರೌನ್ ಕಾಯಿದೆಯ ಪ್ರಕಾರ ನಗರಸಭೆ ತನ್ನ ಸಾಮಾನ್ಯ ಸಭೆಯ ವಿಷಯಪಟ್ಟಿಯನ್ನು 72 ಗಂಟೆ ಮುಂಚೆ ಹೊರಗೆ ಹಾಕಬೇಕು. ಸಿಬ್ಬಂದಿ ವರದಿ ನೂರಾರು ಪುಟ ಇರುತ್ತದೆ. ಓದಬೇಕಾಗಿಲ್ಲ, ಕೈಯಲ್ಲಿ ಹಿಡಿದಿದ್ದರೆ ಸಾಕು. ಅಲ್ಲಲ್ಲಿ ಬಣ್ಣದ ಚೀಟಿ ಅಂಟಿಸಿದ್ದರೆ ಇನ್ನೂ ಒಳ್ಳೆಯದು.

ಸಭೆಗೆ ಮುನ್ನ ಕಟ್ಟಡ ಏಳಬೇಕಾದ ಜಾಗಕ್ಕೊಮ್ಮೆ ಹೋಗಿಬನ್ನಿ. ಕೆಲವು ಊರುಗಳಲ್ಲಿ ಕಟ್ಟಡದ ಎತ್ತರ ತೋರಿಸಲು ಬರಿಯ ಕಂಬ ನೆಟ್ಟು, ತುದಿಯಿಂದ ತುದಿಗೆ ಕಿತ್ತಳೆ ಬಣ್ಣದ ಬಲೆ ಕಟ್ಟಬೇಕೆಂಬ ನಿಯಮವಿದೆ. ಒಳಗೆ ಗೋಡೆ ಇಲ್ಲ, ಕಿಟಕಿ ಇಲ್ಲ, ಬಟ್ಟೆ ಒಣಹಾಕಿದವರಿಲ್ಲ, ಅಡುಗೆ ವಾಸನೆ ಇಲ್ಲ. ಬರೀ ಎತ್ತರ, ಅದೂ ಗಾಳಿಗೆ ಪಟಪಟ ಬಡಿದುಕೊಳ್ಳುವ ಎತ್ತರ. ಬಡವರ ಮನೆಯನ್ನು ಹೆದರಿಸುವ ವಸ್ತುವಾಗಿ ತೋರಿಸಲು ಇದಕ್ಕಿಂತ ಅಗ್ಗದ ಉಪಾಯವಿಲ್ಲ. ಫೋಟೊ ತೆಗೆದು ಬೀದಿಯ ವಾಟ್ಸ್ಯಾಪ್ ಗುಂಪಿಗೆ ಹಾಕಿ.

ಮಂಗಳವಾರ ಸಂಜೆ ಸಭೆ. ಚೀಟಿ ತುಂಬಿ ಗುಮಾಸ್ತೆಗೆ ಕೊಡಿ. ಮೊದಲು ಧ್ವಜವಂದನೆ, ಆಮೇಲೆ ಯಾರಿಗೋ ಸನ್ಮಾನಪತ್ರ, ಆಮೇಲೆ ಉದುರಿದ ಎಲೆ ಊದಿ ಸರಿಸುವ ಯಂತ್ರಗಳ ಸದ್ದಿನ ಬಗ್ಗೆ ದೀರ್ಘ ಚರ್ಚೆ. ನಿಮ್ಮ ವಿಷಯ ಬರುವ ಹೊತ್ತಿಗೆ ರಾತ್ರಿ ಹತ್ತಾಗಿರುತ್ತದೆ. ಗಾಬರಿ ಬೇಡ, ತಡವಾದಷ್ಟೂ ನಿಮಗೆ ಲಾಭ. ಬೆಳಗ್ಗೆ ಐದಕ್ಕೆ ಏಳಬೇಕಾದವರು, ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು ಬಂದವರು, ಕೊನೆಯ ಬಸ್ಸು ಹಿಡಿಯಬೇಕಾದವರು ಅಷ್ಟರಲ್ಲಿ ಎದ್ದು ಹೋಗಿರುತ್ತಾರೆ.

ಮೈಕಿನ ಮುಂದೆ ಹಸಿರು ದೀಪ. “ಈ ಊರಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು” ಎಂದು ಶುರುಮಾಡಿ. ಎಷ್ಟು ವರ್ಷ ಎಂಬುದೇ ಇಲ್ಲಿ ಗೋತ್ರಪ್ರವರ. ನಂತರ ಟ್ರಾಫಿಕ್, ಪಾರ್ಕಿಂಗ್, ಶಾಲೆಯಲ್ಲಿ ನೂಕುನುಗ್ಗಲು, ಊರಿನ ಲಕ್ಷಣ, ಈ ಕ್ರಮದಲ್ಲಿ ಹೇಳಿ. ಹಳದಿ ದೀಪ ಬಂದಾಗ ಮಕ್ಕಳ ಸುರಕ್ಷತೆಗೆ ಬನ್ನಿ. ಕೆಂಪು ಬಂದಾಗ “ಪ್ರಕ್ರಿಯೆ ಸರಿಯಾಗಿ ನಡೆದಿಲ್ಲ, ನಮ್ಮನ್ನು ಯಾರೂ ಕೇಳಲಿಲ್ಲ” ಎಂದು ಮುಗಿಸಿ. ಮೂರು ನಿಮಿಷ ಮೈಕು ಹಿಡಿದು, ಸದಸ್ಯರೆಲ್ಲ ಕೇಳುತ್ತಿರುವಾಗಲೇ ಇದನ್ನು ಹೇಳಬಹುದು, ಯಾರೂ ನಗುವುದಿಲ್ಲ. ಚಪ್ಪಾಳೆಗೆ ಮೇಯರ್ ಅನುಮತಿ ಕೊಡದಿದ್ದರೆ ಬೆಂಬಲಿಗರು ಎರಡೂ ಕೈ ಎತ್ತಿ ಬೆರಳು ಅಲ್ಲಾಡಿಸುತ್ತಾರೆ.

ಈ ಭಾಗದ ಕಾರ್ಯಕ್ಷಮತೆ ಪರೀಕ್ಷೆಯಾಗಿದೆ. ಬಾಸ್ಟನ್ ವಿಶ್ವವಿದ್ಯಾಲಯದ ಮೂವರು ಸಂಶೋಧಕರು ಮಸಾಚುಸೆಟ್ಸ್‌ನ 97 ಊರುಗಳ ಇಂಥ ಸಭೆಗಳ ನಡಾವಳಿ ಓದಿ ನೋಡಿದರು. ಎದ್ದು ಮಾತಾಡಿದವರು ಊರಿನ ಉಳಿದವರಿಗಿಂತ ವಯಸ್ಸಾದವರು, ಹೆಚ್ಚಾಗಿ ಗಂಡಸರು, ಹಳಬರು, ಸ್ವಂತ ಮನೆಯವರು. ಹೊಸ ಮನೆಗಳ ಪರ ಮಾತಾಡಿದವರು ಶೇಕಡ 15ರಷ್ಟು ಮಾತ್ರ. ಕಟ್ಟಡ ಎದ್ದರೆ ಅದರಲ್ಲಿ ಇರಬೇಕಾದವರು ಇನ್ನೂ ಈ ಊರಿನವರಲ್ಲ. ಅವರಿಗೆ ಇಲ್ಲಿ ಮತವಿಲ್ಲ, ತಮಗೊಂದು ಮನೆ ತಪ್ಪುತ್ತಿದೆ ಎಂಬ ಸುದ್ದಿಯೂ ಅವರಿಗೆ ಮುಟ್ಟಿರುವುದಿಲ್ಲ. ಯಂತ್ರ ಓಡುವುದು ಈ ಇಂಧನದಿಂದಲೇ.

4. ಹೆಚ್ಚುವರಿ ಜೋಡಣೆಗಳು

ಇತಿಹಾಸ. ಸ್ಯಾನ್ ಫ್ರಾನ್ಸಿಸ್ಕೊದ ಮಿಷನ್ ಬೀದಿಯಲ್ಲಿ ನಾಣ್ಯ ಹಾಕಿ ಬಟ್ಟೆ ಒಗೆಯುವ ಅಂಗಡಿಯೊಂದಿತ್ತು. ಮಾಲೀಕ ಅದನ್ನು ಕೆಡವಿ 75 ಮನೆ ಕಟ್ಟಲು ಹೊರಟ. ಎಪ್ಪತ್ತರ ದಶಕದಲ್ಲಿ ಆ ಕಟ್ಟಡದಲ್ಲಿ ಸಮುದಾಯ ಸಂಘಟನೆಗಳ ಕಚೇರಿಗಳಿದ್ದವಾದ್ದರಿಂದ ಐತಿಹಾಸಿಕವೋ ಏನೋ ನೋಡೋಣ ಎಂದರು. ನೂರಕ್ಕೂ ಹೆಚ್ಚು ಪುಟಗಳ ಅಧ್ಯಯನ ನಡೆದು, ಲಾಂಡ್ರಿ ಐತಿಹಾಸಿಕವಲ್ಲ ಎಂದು 2018ರಲ್ಲಿ ತೀರ್ಮಾನವಾಯಿತು. ಅಷ್ಟರಲ್ಲಿ ಮುಂದಿನ ಜೋಡಣೆ ಸಿದ್ಧವಾಗಿತ್ತು.

ನೆರಳು. ಅದೇ ಕಟ್ಟಡದ ನೆರಳು ಪಕ್ಕದ ಶಾಲೆಯ ಆಟದ ಅಂಗಳದ ಮೇಲೆ ಬೀಳುತ್ತದೆ, ಅದನ್ನೂ ಅಳೆಯಬೇಕು ಎಂದಾಯಿತು. ಕಡೆಗೆ ಅನುಮತಿಯೇನೋ ಸಿಕ್ಕಿತು. ಮಾಲೀಕ ಮನೆ ಕಟ್ಟುವ ಬದಲು ಜಾಗ ಮಾರಿ ಕೈತೊಳೆದುಕೊಂಡ.

ಪಾರ್ಕಿಂಗ್ ಜಾಗದ ರಕ್ಷಣೆ. 2021ರ ಅಕ್ಟೋಬರಿನಲ್ಲಿ, ಅದೇ ನಗರದ ಸ್ಟೀವನ್‌ಸನ್ ಬೀದಿಯಲ್ಲಿ ನಾರ್ಡ್‌ಸ್ಟ್ರಾಮ್ ಬಟ್ಟೆ ಮಳಿಗೆಯ ಗಿರಾಕಿಗಳ ಕಾರು ನಿಲ್ಲುತ್ತಿದ್ದ ಜಾಗದಲ್ಲಿ ಏಳಬೇಕಿದ್ದ 495 ಮನೆಗಳನ್ನು ಮೇಲ್ವಿಚಾರಕರ ಮಂಡಳಿ 8-3 ಮತದಿಂದ ತಡೆಯಿತು. ಪರಿಸರ ವರದಿ ಸಾಲದು ಎಂಬುದು ಕಾರಣ. ಮಳಿಗೆ 2023ರಲ್ಲಿ ತಾನಾಗಿಯೇ ಬಾಗಿಲು ಹಾಕಿತು.

ಸದ್ದು. ಬರ್ಕ್ಲಿಯ ಪೀಪಲ್ಸ್ ಪಾರ್ಕ್ ಜಾಗದಲ್ಲಿ ಸುಮಾರು 1,100 ವಿದ್ಯಾರ್ಥಿಗಳಿಗೆ ಮತ್ತು ಬೀದಿಯಲ್ಲಿ ಮಲಗುವ ನೂರಕ್ಕೂ ಹೆಚ್ಚು ಜನರಿಗೆ ವಸತಿ ಕಟ್ಟಲು ವಿಶ್ವವಿದ್ಯಾಲಯ ಹೊರಟಾಗ, ಹುಡುಗರ ಗಲಾಟೆಯ ಪರಿಣಾಮವನ್ನೂ ಪರಿಸರ ವರದಿ ಅಳೆಯಬೇಕಿತ್ತು ಎಂದು 2023ರಲ್ಲಿ ಮೇಲ್ಮನವಿ ಕೋರ್ಟು ಹೇಳಿತು. ಮನುಷ್ಯರ ಮಾತು ಕಾರ್ಖಾನೆ ಹೊಗೆಯ ಪಂಕ್ತಿಯಲ್ಲಿ ಕೂತದ್ದು ಕಂಡು ಶಾಸಕರು ಅದೇ ವರ್ಷ ಕಾನೂನು ತಿದ್ದಿದರು.

ವನ್ಯಜೀವಿ. ಎಲ್ಲ ಜೋಡಣೆಗಳಲ್ಲಿ ಇದು ಕಿರೀಟಪ್ರಾಯ. 2022ರ ಜನವರಿಯಿಂದ ಎಸ್‌ಬಿ 9 ಎಂಬ ರಾಜ್ಯ ಕಾನೂನು ಒಂಟಿಮನೆ ಸೈಟಿನಲ್ಲಿ ಎರಡು ಮನೆಗೆ ದಾರಿ ತೆರೆಯಿತು. ಸಂರಕ್ಷಿತ ಪ್ರಾಣಿಗಳ ನೆಲೆಗೆ ವಿನಾಯಿತಿ ಇತ್ತು. ಸಿರಿವಂತರ ಊರಾದ ವುಡ್‌ಸೈಡ್ ತಕ್ಷಣ, ನಮ್ಮ ಇಡೀ ಊರೇ ಪ್ಯೂಮಾಗಳ ಆವಾಸ ಎಂದು ಘೋಷಿಸಿಕೊಂಡಿತು. ಪ್ಯೂಮಾ ನಡೆದಾಡುವ ಜಾಗದಲ್ಲಿ ಒಂದು ಬಂಗಲೆ ಇರಬಹುದು, ಎರಡು ಸಣ್ಣ ಮನೆ ಇರಬಾರದು ಎಂಬ ಜೀವಶಾಸ್ತ್ರ ರಾಜ್ಯದ ಅಟಾರ್ನಿ ಜನರಲ್ ರಾಬ್ ಬೊಂಟಾ ಅವರಿಗೆ ಒಪ್ಪಿಗೆಯಾಗಲಿಲ್ಲ. ಅವರ ಕಾಗದ ಬಂದದ್ದೇ ಊರು ಹಿಂದೆ ಸರಿಯಿತು. ಪ್ಯೂಮಾಗಳ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಚೀಟಿ ತುಂಬಿಕೊಟ್ಟಿರಲಿಲ್ಲವಲ್ಲ.

5. ಮತಪೆಟ್ಟಿಗೆಯ ಬಳಕೆ

ನಗರಸಭೆಯೇ ಕೈಕೊಟ್ಟು ಒಪ್ಪಿಗೆ ಕೊಟ್ಟುಬಿಟ್ಟರೆ ಸಹಿ ಸಂಗ್ರಹಿಸಿ ಜನಮತಕ್ಕೆ ಹೋಗಿ. ಪಾಲೊ ಆಲ್ಟೊದ ಮೇಬೆಲ್ ರಸ್ತೆಯಲ್ಲಿ ಕಡಿಮೆ ವರಮಾನದ ವೃದ್ಧರಿಗೆ 60 ಮನೆ ಕಟ್ಟಲು ನಗರಸಭೆ ವಲಯ ಬದಲಿಸಿತ್ತು. 2013ರ ನವೆಂಬರಿನಲ್ಲಿ ಮತದಾರರು ಅದನ್ನು ಕಿತ್ತುಹಾಕಿದರು. ವೃದ್ಧರು ಟ್ರಾಫಿಕ್ ಹೆಚ್ಚಿಸುತ್ತಾರೆ ಎಂಬುದು ಒಂದು ವಾದ. ಆಮೇಲೆ ಆ ಜಾಗ ಮಾರಾಟವಾಗಿ ದುಬಾರಿ ಒಂಟಿಮನೆಗಳು ಎದ್ದವು. ಅವುಗಳ ಗ್ಯಾರೇಜಿನಲ್ಲಿ ಕಾರುಗಳಿವೆ. ಅದಕ್ಕೆ ಯಾರ ಆಕ್ಷೇಪವೂ ಇಲ್ಲ.

6. ಯಂತ್ರ ಕೆಟ್ಟರೆ

ತೊಂದರೆ: ಇಷ್ಟು ಮನೆಗೆ ಜಾಗ ಮಾಡಿಕೊಡಿ ಎಂದು ರಾಜ್ಯವೇ ಲೆಕ್ಕ ಕಳುಹಿಸಿದೆ.
ಪರಿಹಾರ: ಎಂಟು ವರ್ಷಕ್ಕೊಮ್ಮೆ ಬರುವ ಲೆಕ್ಕ ಇದು. 2023ರಿಂದ 2031ರವರೆಗೆ ಕೊಲ್ಲಿ ಪ್ರದೇಶಕ್ಕೆ 4,41,176 ಮನೆ, ಸ್ಯಾನ್ ಫ್ರಾನ್ಸಿಸ್ಕೊಗೆ 82,069, ಕ್ಯುಪರ್ಟಿನೊಗೆ 4,588. ನಕ್ಷೆಯಲ್ಲಿ ಜಾಗ ತೋರಿಸಬೇಕು, ನೀವೇ ಕಟ್ಟಬೇಕೆಂದೇನಿಲ್ಲ. ಚೆನ್ನಾಗಿ ನಡೆಯುತ್ತಿರುವ ಅಂಗಡಿ, ಇಳಿಜಾರು, ಮಾಲೀಕ ಮಾರಲೊಲ್ಲದ ಜಾಗ ಹುಡುಕಿ ಗುರುತು ಹಾಕಿ.

ತೊಂದರೆ: ರಾಜ್ಯ ಆ ನಕ್ಷೆಯನ್ನು ಹಿಂದಕ್ಕೆ ಕಳುಹಿಸಿದೆ.
ಪರಿಹಾರ: ಬೇಗ ತಿದ್ದಿ. ಗಡುವು ಮೀರಿದರೆ ಬಿಲ್ಡರ್ಸ್ ರೆಮಿಡಿ ಎಂಬ 1990ರ ನಿಯಮ ಎದ್ದು ಕೂರುತ್ತದೆ. ಆಗ ಕಡಿಮೆ ವರಮಾನದವರಿಗೆ ಒಂದು ಪಾಲು ಇಡುವ ಯೋಜನೆಯನ್ನು ವಲಯದ ಹೆಸರು ಹೇಳಿ ತಡೆಯುವಂತಿಲ್ಲ. 2022ರಲ್ಲಿ ಸಾಂಟಾ ಮೋನಿಕಾ ಹೀಗೆ ಮೈಮರೆತಾಗ ನಾಲ್ಕು ಸಾವಿರಕ್ಕೂ ಹೆಚ್ಚು ಮನೆಗಳ ಅರ್ಜಿ ಬಂದು ಬಿದ್ದವು.

ತೊಂದರೆ: ಸಭೆಯೇ ಇಲ್ಲದೆ ಅನುಮತಿ ಸಿಗುತ್ತಿದೆ.
ಪರಿಹಾರ: ಕಷ್ಟ. ಕ್ಯುಪರ್ಟಿನೊದ ಖಾಲಿಬಿದ್ದ ವಾಲ್ಕೊ ಮಾಲಿನ ಬಗ್ಗೆ 2016ರಲ್ಲಿ ಪರ-ವಿರೋಧ ಎರಡು ಜನಮತ ನಡೆದು, ಎರಡೂ ಸೋತವು. 2018ರಲ್ಲಿ ಎಸ್‌ಬಿ 35 ಎಂಬ ಹೊಸ ಕಾನೂನಿನಡಿ ಅಲ್ಲಿ 2,402 ಮನೆಗೆ ನೇರ ಅನುಮತಿ ಸಿಕ್ಕಿತು, ಅರ್ಧದಷ್ಟು ಕೈಗೆಟಕುವ ದರದವು. ವಿರೋಧಿಗಳು ಕೋರ್ಟಿಗೆ ಹೋಗಿ 2020ರಲ್ಲಿ ಸೋತರು. ಸೋತರೂ ಬೇಸರ ಬೇಡ: ಮೊಕದ್ದಮೆ ತಿಂದ ವರ್ಷಗಳನ್ನು ಯಾವ ತೀರ್ಪೂ ಹಿಂತಿರುಗಿಸುವುದಿಲ್ಲ.

ತೊಂದರೆ: ಪರಿಸರ ಕಾಯಿದೆಯ ಹಲ್ಲು ಉದುರಿದೆ.
ಪರಿಹಾರ: ನಿಜ. 2025ರ ಜೂನ್‌ನಲ್ಲಿ ನಗರದೊಳಗಿನ ಬಹುಪಾಲು ವಸತಿ ಯೋಜನೆಗಳಿಗೆ ಸೀಕ್ವಾದಿಂದ ವಿನಾಯಿತಿ ಸಿಕ್ಕಿತು. ಅಕ್ಟೋಬರಿನಲ್ಲಿ ಎಸ್‌ಬಿ 79 ಎಂಬ ಕಾನೂನು ಬಂದು ದೊಡ್ಡ ರೈಲು-ಬಸ್ ನಿಲ್ದಾಣಗಳ ಸುತ್ತ ಬಹುಮಹಡಿಗೆ ದಾರಿಮಾಡಿತು. ನಿಮ್ಮ ಹತ್ತಿರ ನಿಲ್ದಾಣವಿಲ್ಲದಿದ್ದರೆ ಬರದಂತೆ ನೋಡಿಕೊಳ್ಳಿ. ಆ ಯಂತ್ರದ ಕೈಪಿಡಿ ಪ್ರತ್ಯೇಕ.

7. ಅಡ್ಡಪರಿಣಾಮಗಳು

ದೀರ್ಘಕಾಲ ಬಳಸಿದರೆ ಊರಿನಲ್ಲಿ ಕೆಲವು ಲಕ್ಷಣಗಳು ಕಾಣಿಸಬಹುದು. ಬೆಳಗಿನ ಜಾವ ಸ್ಟಾಕ್ಟನ್, ಟ್ರೇಸಿ ಕಡೆಯಿಂದ ಆಲ್ಟಮಾಂಟ್ ಕಣಿವೆ ದಾಟಿ ಬರುವ ಕಾರುಗಳ ಸಾಲು ಹಿಗ್ಗುತ್ತದೆ. ಅದರಲ್ಲಿ ಬರುವವರು ನಿಮ್ಮ ಊರಿನ ಅಡುಗೆಯವರು, ದಾದಿಯರು, ಶಾಲೆಯ ಸಿಬ್ಬಂದಿ. ಅವರಿಗೆ ಇಲ್ಲಿ ಮನೆ ಕೊಟ್ಟರೆ ಟ್ರಾಫಿಕ್ ಆಗುತ್ತದೆ ಎಂದು ದೂರ ಇಟ್ಟದ್ದರಿಂದ ಆದ ಟ್ರಾಫಿಕ್ ಇದು.

ಇನ್ನೊಂದು ಲಕ್ಷಣ ಶಾಲೆಯದು. ಹೊಸ ಮನೆಗಳು ಬಂದರೆ ಶಾಲೆಗಳು ತುಂಬಿ ತುಳುಕುತ್ತವೆ ಎಂಬುದು ವಾಡಿಕೆಯ ವಾದ. 2022ರಲ್ಲಿ ಕ್ಯುಪರ್ಟಿನೊದ ಶಾಲಾ ಜಿಲ್ಲೆ ಮಕ್ಕಳಿಲ್ಲದೆ ಎರಡು ಶಾಲೆಗಳನ್ನು ಮುಚ್ಚಿತು. ಮಕ್ಕಳಿರುವ ವಯಸ್ಸಿನವರಿಗೆ ಮನೆ ಕೊಳ್ಳಲಾಗುತ್ತಿಲ್ಲ, ಮನೆ ಕೊಂಡವರ ಮಕ್ಕಳು ಬೆಳೆದು ಊರು ಬಿಟ್ಟಿದ್ದಾರೆ. ಅದೇ ಶಾಲೆಗಾಗಿ ನೀವು ಕೊಟ್ಟ ಹೆಚ್ಚಿನ ಬೆಲೆಯನ್ನು ಕಂಪನಿ ಹಿಂತಿರುಗಿಸುವುದಿಲ್ಲ.

8. ಬೆಂಗಳೂರಿನಲ್ಲಿ ಬಳಸುವವರಿಗೆ

ರಜೆಗೆ ಹೋಗುವಾಗ ಯಂತ್ರವನ್ನು ಸೂಟ್‌ಕೇಸಿನಲ್ಲಿ ಒಯ್ಯಬೇಡಿ. ಅಲ್ಲಿನ ಪ್ಲಗ್ಗಿಗೆ ಕೂರುವುದಿಲ್ಲ. 2007ರಲ್ಲಿ ಒಪ್ಪಿದ, 2015ಕ್ಕೆಂದು ಮಾಡಿದ ಮಹಾಯೋಜನೆಯೇ ಅಲ್ಲಿ ಇನ್ನೂ ಆಧಾರ. 2031ರದ್ದರ ಕರಡು 2017ರಲ್ಲಿ ಬಂದು, ಆಕ್ಷೇಪಣೆಗಳ ರಾಶಿ ಹೊತ್ತು, ಕಡೆಗೆ ಕಸದ ಬುಟ್ಟಿ ಸೇರಿತು. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯದಿದ್ದರಿಂದ ಎದ್ದು ನಿಂತು ಮೂರು ನಿಮಿಷ ಮಾತಾಡೋಣವೆಂದರೆ ಕೇಳಿಸಿಕೊಳ್ಳಲು ಎದುರಿಗೆ ಯಾರೂ ಇರಲಿಲ್ಲ.

ಅಲ್ಲಿ ಮೂವತ್ತು-ನಲವತ್ತರ ಸೈಟಿನಲ್ಲಿ ಸೆಟ್‌ಬ್ಯಾಕ್ ಬಿಡದೆ ಐದಂತಸ್ತಿನ ಪಿಜಿ ಎದ್ದಾಗ ಸಭೆ ಕರೆಯುವವರಿಲ್ಲ. ಎದ್ದಾದ ಮೇಲೆ ಸಕ್ರಮಕ್ಕೆ ಅರ್ಜಿ, ಸಕ್ರಮಕ್ಕೆ 2017ರಲ್ಲಿ ಸುಪ್ರೀಂ ಕೋರ್ಟ್ ತಡೆ, ಅಲ್ಲಿಯತನಕ ಬಿ ಖಾತಾ. ಬಡವರಿಗೆ ಮನೆ ಸಿಗದಿರುವ ಫಲಿತಾಂಶ ಎರಡೂ ಕಡೆ ಒಂದೇ. ಇಲ್ಲಿ ನಿಯಮವನ್ನು ಅಕ್ಷರಶಃ ಪಾಲಿಸಿ ಆ ಫಲಿತಾಂಶಕ್ಕೆ ತಲುಪುತ್ತಾರೆ, ಅಲ್ಲಿ ಪಾಲಿಸದೆ ತಲುಪುತ್ತಾರೆ.

9. ಖಾತರಿ

ಖಾತರಿ ನೀವು ಆ ಮನೆಯಲ್ಲಿ ಇರುವಷ್ಟು ಕಾಲ. ಕೆಳಗಿನ ಸಂದರ್ಭಗಳಲ್ಲಿ ರದ್ದಾಗುತ್ತದೆ.

ನಿಮ್ಮ ಮಗ ಓದು ಮುಗಿಸಿ ಬಂದು, ಇದೇ ಊರಿನಲ್ಲಿ ಬಾಡಿಗೆಗೆ ಒಂದು ಕೋಣೆಯೂ ಕೈಗೆಟಕುತ್ತಿಲ್ಲ, ನಿಮ್ಮ ಗ್ಯಾರೇಜಿನಲ್ಲೇ ಇರುತ್ತೇನೆ ಎಂದರೆ.

ನಿವೃತ್ತಿಯಾದ ಮೇಲೆ ಮೆಟ್ಟಿಲು ಹತ್ತಲಾಗದೆ, ಇದೇ ಬೀದಿಯಲ್ಲಿ ಲಿಫ್ಟ್ ಇರುವ ಸಣ್ಣ ಮನೆ ನೀವೇ ಹುಡುಕಿದರೆ.

ಮುಖ್ಯವಾಗಿ, ಸಭೆಯಲ್ಲಿ ಯಾರಾದರೂ ಮೈಕಿನ ಮುಂದೆ ಬಂದು, “ನೀವು ಇಷ್ಟು ಹೊತ್ತು ಯೂನಿಟ್ ಎಂದಿರಲ್ಲ, ಅದರಲ್ಲಿ ಇರಬೇಕಾದವಳು ನಾನು. ನಿಮ್ಮ ತಾಯಿಯವರ ಡಯಾಲಿಸಿಸ್ ನೋಡಿಕೊಳ್ಳುವವಳೂ ನಾನೇ” ಎಂದರೆ. ಯಂತ್ರ ಆ ಕ್ಷಣ ನಿಂತುಬಿಡುತ್ತದೆ. ದುರಸ್ತಿ ನಮ್ಮಲ್ಲಿಲ್ಲ. ಹಾಗಾದಾಗ ಎದ್ದು ನಿಂತು, ವಿಷಯ ಬಹಳ ಮಹತ್ವದ್ದು, ಇನ್ನಷ್ಟು ಅಧ್ಯಯನ ಬೇಕು, ಮುಂದಿನ ಸಭೆಗೆ ಮುಂದೂಡಿ ಎಂದು ಕೇಳಿಕೊಳ್ಳಿ. ಸದಸ್ಯರು ಒಪ್ಪುತ್ತಾರೆ. ಮುಂದಿನ ಸಭೆಯೂ ಮಂಗಳವಾರ ರಾತ್ರಿಯೇ. ಅವತ್ತು ಅವಳಿಗೆ ನೈಟ್ ಡ್ಯೂಟಿ.